ಅತ್ತೆಯ ಪಾಲಿನ ಸಾವಿರ ಚೂರು

ಮೊರದ ಸದ್ದು ಕೇಳಿಯೇ ಅದರೊಳಗೆ ಏನಿದೆ ಎಂದು ಹೇಳಬಲ್ಲ ಹೆಂಗಸರು ಆ ಊರಿನಲ್ಲಿ ಬೇಕಾದಷ್ಟು ಮಂದಿ. ರಾಗಿ ಕೇರಿದರೆ ಸೊರ್ ಎನ್ನುತ್ತದೆ, ಹುರುಳಿ ಚರಚರ ಎನ್ನುತ್ತದೆ, ಅವರೆಕಾಳು ಸಣ್ಣ ಮಕ್ಕಳ ಹಾಗೆ ಕುಣಿದು ಗಲಾಟೆ ಮಾಡುತ್ತದೆ. ನಯನಳ ಮನೆಯಿಂದ ಮಧ್ಯಾಹ್ನ ಎರಡರ ಹೊತ್ತಿಗೆ ಕೇಳಿಬರುತ್ತಿದ್ದ ಸದ್ದು ಮಾತ್ರ ಇದ್ಯಾವುದೂ ಅಲ್ಲ. ಹಗುರವಾದ, ಒಣಗಿದ, ತೂಕವಿಲ್ಲದ ಸದ್ದು.

"ಏನವ್ವಾ ನಯ್ನ, ಬರೀ ಸಿಪ್ಪೆ ಕೇರ್ತಾ ಇದ್ದೀಯಾ?" ಎಂದು ಪಕ್ಕದ ಮನೆಯ ಪಟ್ಟಲಮ್ಮ ಗೋಡೆಯಾಚೆಯಿಂದ ಕೂಗುವಳು.

"ಅತ್ತೇದು ಕಣಕ್ಕ. ಕೈ ಕಸರತ್ತಿನ ಸಾಮಾನು," ಎಂದು ನಯನ ಈಚೆಯಿಂದ ಹೇಳುವಳು. ಹೇಳಿದ ಮೇಲೆ ಕಿವಿ ಬಿಸಿಯಾಗುವುದು. ಸಾಮಾನು ಅತ್ತೆಯದು ಎಂಬುದೇನೋ ನಿಜ. ಮೊರ ಹಿಡಿದ ಕೈ ಅತ್ತೆಯದಲ್ಲ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಬಸ್ಸಿಳಿದು ಅರ್ಧ ಮೈಲಿ ನಡೆದರೆ ಅವರ ಮನೆ. ಗಂಡ ಚಲುವರಾಜು ಹಾಲಿನ ಡೈರಿಯಲ್ಲಿ ಕೆಲಸ ಮಾಡುತ್ತಾನೆ. ಒಬ್ಬಳೇ ಮಗಳು ದೀಪಿಕ ಮಂಡ್ಯದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಿದ್ದಾಳೆ. ಯಲಿಯೂರಿನ ಹುಡುಗನ ಜೊತೆ ಮೇ ತಿಂಗಳ ಕೊನೆಗೆ ಮದುವೆ ಗೊತ್ತಾಗಿದೆ. ಮನೆಗೆ ಹಿರಿಯಳು ಅತ್ತೆ ಚಿಕ್ಕಬೋರಮ್ಮ. ವಯಸ್ಸು ಎಪ್ಪತ್ತೆರಡು.

ಚಿಕ್ಕಬೋರಮ್ಮನ ಕೈ ಹೆಸರುವಾಸಿಯಾದ ಕೈ. ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದ ಕಾಲದಲ್ಲಿ ಗೂಡು ಬಿಡಿಸಲು ಕೂತರೆ, ಉಳಿದವರು ಹುಳು ಗೂಡು ಕಟ್ಟಿದ ಒಂದು ಬಿದಿರಿನ ಚಂದ್ರಿಕೆ ಮುಗಿಸುವಷ್ಟರಲ್ಲಿ ಅವಳು ಮೂರನೆಯದಕ್ಕೆ ಕೈ ಹಾಕಿರುತ್ತಿದ್ದಳು. ಅಂಥ ಕೈ ಈ ವರ್ಷ ಅವರೆಕಾಯಿಯ ಕಾಲದಲ್ಲಿ, ಒಂದು ಬೆಳಿಗ್ಗೆ, ಕಾಫಿ ಲೋಟವನ್ನು ಹಿಡಿಯಲಾರದೆ ಕೈಬಿಟ್ಟಿತು. ಲಕ್ವ ಹೊಡೆದಿತ್ತು. ಬಾಯಿ ಬೇಗ ನೆಟ್ಟಗಾಯಿತು, ಕಾಲು ಒಂದು ತಿಂಗಳಲ್ಲಿ ಎಳೆದಾಡಿಕೊಂಡು ನಡೆಯಿತು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಒಂದನ್ನೊಂದು ಮಾತನಾಡಿಸುವುದನ್ನು ಬಿಟ್ಟಿದ್ದವು.

ಕಸರತ್ತು ಮಾಡಿಸಲು ಮದ್ದೂರಿನಿಂದ ತಹಸೀನ್ ಬರುತ್ತಿದ್ದಳು. ಇಪ್ಪತ್ತಾರರ ಹುಡುಗಿ, ಸ್ಕೂಟರಿನಲ್ಲಿ ಬಂದು ಬುರ್ಖಾದ ತೋಳನ್ನು ಮೊಣಕೈವರೆಗೆ ಮಡಿಸಿ ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ನೀವುತ್ತಿದ್ದಳು. ಮೊದಲು ಅವಳು ತಂದುಕೊಟ್ಟದ್ದು ಆನೆಯ ಚಿತ್ರದ, ಹನ್ನೆರಡೇ ತುಂಡಿನ ಜೋಡಣೆಯಾಟ.

ಚಿಕ್ಕಬೋರಮ್ಮ ಅದನ್ನು ನೋಡಿ ಮುಖ ತಿರುಗಿಸಿದಳು. "ಇದೇನ್ ತಾಸೀನಮ್ಮ, ನಾನೇನ್ ಅಂಗನವಾಡಿ ಮಗೀನಾ? ಆನೆಗೆ ಸೊಂಡ್ಲು ಎಲ್ಲಿರ್ತದೆ ಅಂತ ನಂಗೊತ್ತಿಲ್ವಾ?"

ಮುಂದಿನ ವಾರ ತಹಸೀನ್ ದೊಡ್ಡ ಡಬ್ಬಿ ತಂದಳು. ಅವಳ ಸ್ವಂತದ್ದು, ಕಾಲೇಜಿನಲ್ಲಿ ಬಹುಮಾನವಾಗಿ ಬಂದದ್ದು. ಸಾವಿರ ಚೂರು. ಮುಚ್ಚಳದ ಮೇಲೆ ಎಲ್ಲಿಯದೋ ಒಂದು ಊರಿನ ಸಂತೆ. ಹೊಳೆ ದಂಡೆ, ಕಲ್ಲಿನ ಸೇತುವೆ, ಕೆಂಪು ಹೆಂಚಿನ ಮನೆಗಳು, ಉಗುರಿನಷ್ಟು ಎತ್ತರದ ನೂರಾರು ಜನ, ಒಬ್ಬೊಬ್ಬರೂ ಒಂದೊಂದು ಕೆಲಸದಲ್ಲಿ.

"ದಿನಕ್ಕೆ ಇಪ್ಪತ್ತು ಚೂರು ಸಾಕು, ಅಜ್ಜಿ. ಎರಡು ಬೆರಳಲ್ಲಿ ಹಿಡಿದು ಎತ್ತಬೇಕು, ತಿರುಗಿಸಬೇಕು, ಒತ್ತಿ ಕೂರಿಸಬೇಕು. ಬಲಗೈಲೇ," ಎಂದಳು ತಹಸೀನ್. ಆಮೇಲೆ ನಯನಳ ಕಡೆ ತಿರುಗಿ ದನಿ ತಗ್ಗಿಸಿದಳು. "ನಯನಕ್ಕ, ಮೊದಲ ಆರು ತಿಂಗಳು ಮುಖ್ಯ. ಅಷ್ಟರೊಳಗೆ ಬೆರಳು ಎಷ್ಟು ಕಲಿಯುತ್ತೋ ಅಷ್ಟು ಲಾಭ. ಆಮೇಲೆ ಬಹಳ ಕಷ್ಟ. ವಾರಕ್ಕೊಂದು ಫೋಟೋ ಕಳಿಸಿ, ನಾನು ನೋಡ್ತಿರ್ತೀನಿ."

ಚಿಕ್ಕಬೋರಮ್ಮ ಒಪ್ಪಿಕೊಂಡದ್ದಕ್ಕೆ ಕಾರಣವಿತ್ತು. ಮೊಮ್ಮಗಳ ಮದುವೆಯಾದ ಮೂರನೆಯ ದಿನ ಯಲಿಯೂರಿನಲ್ಲಿ ಬೀಗರೂಟ. ಲಕ್ವ ಹೊಡೆದಂದಿನಿಂದ ಅವಳಿಗೆ ಮುದ್ದೆಯನ್ನು ನಯನಳೇ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಡುತ್ತಿದ್ದಳು. ಎಡಗೈಯಲ್ಲಿ ಉಣ್ಣಲು ಮುದುಕಿ ಸುತರಾಂ ಒಪ್ಪಿರಲಿಲ್ಲ.

"ಬೀಗ್ರು ಎದ್ರೆದ್ರಿಗೆ ಕೂತಿರ್ತಾರೆ. ನಿನ್ ಕೈಲಿ ತುತ್ತು ಇಕ್ಕಿಸ್ಕೊಂಡು ಬಾಯ್ ಕಳೀಲಾ, ಗುಬ್ಬಚ್ಚಿ ಮರಿಯಂಗೆ?" ಎಂದು ಅವಳು ಸೊಸೆಗೆ ಹೇಳಿದ್ದಳು. "ಆವತ್ತು ಪಂಕ್ತೀಲಿ ಕೂತು, ನನ್ ಕೈಲಿ ನಾನೇ ಮುದ್ದೆ ಮುರ್ದು ಉಣ್ಬೇಕು ಕಣ್ಮಗ. ಇಲ್ದಿದ್ರೆ ನಾ ಬರಾಕಿಲ್ಲ. ಮೊದ್ಲೇ ಯೋಳಿವ್ನಿ."

ರೇಷ್ಮೆ ಬಿಟ್ಟು ಎರಡು ವರ್ಷವಾಗಿತ್ತು. ಹುಳುಮನೆ ಖಾಲಿಯಿತ್ತು. ಬಿದಿರಿನ ಅಗಲವಾದ ತಟ್ಟೆಗಳು ಮಾತ್ರ ಇನ್ನೂ ಅಟ್ಟಣೆಯಲ್ಲೇ ಇದ್ದವು. ನಯನ ಒಂದನ್ನು ಎಳೆದು, ಮೇಲೆ ಹಳೆಯ ಕ್ಯಾಲೆಂಡರಿನ ಬೆನ್ನು ಹಾಸಿ, ಅಲ್ಲೇ ಕಿಟಕಿಯ ಬೆಳಕಿನಲ್ಲಿಟ್ಟಳು. ಚೂರುಗಳನ್ನು ಮೊರಕ್ಕೆ ಸುರಿದು ಬಣ್ಣಬಣ್ಣವಾಗಿ ಹಸನು ಮಾಡಿದಳು. ಹೆಂಚಿನ ಕೆಂಪು ಒಂದು ತಟ್ಟೆಗೆ, ಹೊಳೆಯ ಹಸಿರು ಇನ್ನೊಂದಕ್ಕೆ, ಆಕಾಶ ಮೊರದಲ್ಲೇ. ಪಕ್ಕದಲ್ಲಿ ಅತ್ತೆಗೆ ಕುರ್ಚಿ.

ಮೊದಲ ಮೂರು ದಿನ ಎಲ್ಲವೂ ಹೇಳಿದ ಹಾಗೇ ನಡೆಯಿತು. ಮುದುಕಿಯ ಬೆರಳು ಚೂರಿನ ಮೇಲೆ ಇಳಿಯುವುದು, ನಡುಗುವುದು, ಜಾರುವುದು, ಮತ್ತೆ ಇಳಿಯುವುದು. ಎತ್ತಿದ್ದು ದಾರಿಯಲ್ಲೇ ಬೀಳುವುದು. ಒಂದು ಚೂರಿಗೆ ಐದು ನಿಮಿಷ. ನಯನ ಸೆರಗಿನ ತುದಿ ಹಿಡಿದು ಕಾಯುತ್ತಿದ್ದಳು.

ನಾಲ್ಕನೆಯ ದಿನ ಅತ್ತೆಯ ಕೈಯಲ್ಲಿ ಇದ್ದದ್ದು ಏಣಿ ಹತ್ತಿದ ಬಣ್ಣ ಬಳಿಯುವವನ ಚೂರು. ಅವನ ಬಕೇಟು ಓರೆಯಾಗಿ, ಬಣ್ಣ ಇನ್ನೇನು ಚೆಲ್ಲಬೇಕು. ಕೆಳಗೆ ಯಾರಿದ್ದಾರೆ ಎಂಬುದು ಇನ್ನೂ ಜೋಡಣೆಯಾಗಿಲ್ಲ. ಆ ಚೂರು ಎಲ್ಲಿ ಕೂರಬೇಕೆಂದು ನಯನಳಿಗೆ ಕಾಣುತ್ತಿತ್ತು, ಕಣ್ಣಿಗೆ ಕಡಿತ ಹತ್ತಿದ ಹಾಗೆ ಕಾಣುತ್ತಿತ್ತು. ಅತ್ತೆಯ ಬೆರಳು ಅದರ ಸುತ್ತ ಸುತ್ತಿ, ತಪ್ಪಿ, ಇನ್ನೊಂದು ಕಡೆಗೆ ಹೋಯಿತು.

"ಬುಡಿ ಅತ್ತೆ, ಇತ್ಲಾಗ್ ಕೊಡಿ," ಎಂದಳು ನಯನ.

ಕೈ ತಾನಾಗಿ ಮುಂದೆ ಹೋಗಿತ್ತು. ಚೂರಿನ ಕಿವಿ ಪಕ್ಕದ ಚೂರಿನ ಬಾಯಿಗೆ ಹೋಗಿ ಟಕ್ ಎಂದಿತು. ಎಷ್ಟು ಸಣ್ಣ ಸದ್ದು! ಆದರೆ ನಯನಳ ಎದೆಯೊಳಗೆ ಎಲ್ಲಿಯೋ ಬಹಳ ದಿನದಿಂದ ತೆರೆದೇ ಇದ್ದ ಒಂದು ಬಾಗಿಲು ಸರಿಯಾಗಿ ಮುಚ್ಚಿಕೊಂಡಂತಾಯಿತು.

ಆಮೇಲೆ ಅವಳಿಗೆ ಮಧ್ಯಾಹ್ನ ಯಾವಾಗ ಆದೀತು ಎಂಬುದೇ ಚಿಂತೆ. ಪಾತ್ರೆ ತೊಳೆಯುವಾಗ ಮನಸ್ಸು ಸೇತುವೆಯ ಮೂರನೆಯ ಕಮಾನಿನಲ್ಲಿರುತ್ತಿತ್ತು. ಆಕಾಶವೆಲ್ಲ ಒಂದೇ ನೀಲಿ ಎಂದುಕೊಂಡಿದ್ದಳು. ಹದಿನೈದು ದಿನದಲ್ಲಿ ಏಳು ನೀಲಿಗಳ ಗುರುತು ಸಿಕ್ಕಿತು. ಹೊಳೆಯ ಹತ್ತಿರದ್ದು ಹಾಲು ಬೆರೆತ ನೀಲಿ, ಮೋಡದ ಅಂಚಿನದು ಒಗೆದೊಗೆದು ಮಾಸಿದ ಲಂಗದ ನೀಲಿ. ಹುಡುಕಿದಾಗ ಸಿಗದ ಚೂರು, ಬೇಡವೆಂದು ಕೈಬಿಟ್ಟ ಮೇಲೆ ತಾನೇ ಬೆರಳಿಗೆ ಬಂದು ತಗಲುತ್ತಿತ್ತು. ಕೂಡಿದ ಚಿತ್ರದೊಳಗೆ ದಿನಕ್ಕೊಂದು ಕಥೆ ಬಿಚ್ಚಿಕೊಳ್ಳುತ್ತಿತ್ತು. ಒಂದು ನಾಯಿ ಮಾಂಸದಂಗಡಿಯಿಂದ ಏನನ್ನೋ ಕಚ್ಚಿಕೊಂಡು ಓಡುತ್ತಿತ್ತು. ಕಟುಕ ಅಟ್ಟಿಸಿಕೊಂಡು ಬರುತ್ತಿದ್ದ. ಅವನ ಹೆಂಡತಿ ಮಹಡಿಯ ಕಿಟಕಿಯಲ್ಲಿ ಹೊಟ್ಟೆ ಹಿಡಿದು ನಗುತ್ತಿದ್ದಳು.

ಕುರ್ಚಿಯಲ್ಲಿ ಕೂತ ಚಿಕ್ಕಬೋರಮ್ಮ ಅವರಿಗೆಲ್ಲ ಹೆಸರಿಟ್ಟಳು.

"ತಕ್ಕಡಿ ಮುಂದೆ ತೂಕಡಿಸ್ತಾ ಕೂತವ್ನಲ್ಲ, ಅವ್ನು ನಮ್ ಡೈರಿ ನಿಂಗಯ್ಯ. ಸೊಂಟದ ಮ್ಯಾಲೆ ಕೈ ಮಡಿಕ್ಕೊಂಡು ಜಗಳಕ್ಕೆ ನಿಂತವ್ಳಲ್ಲ, ಇವ್ಳು ಯಾರು ಯೋಳು?"

"ಪಟ್ಟಲಮ್ಮಕ್ಕ!"

ಇಬ್ಬರೂ ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು. ಗೋಡೆಯಾಚೆಯಿಂದ, "ಏನ್ ನನ್ನೆಸ್ರು ಬಂದಂಗಾಯ್ತು?" ಎಂಬ ದನಿ ಬಂತು. ಇನ್ನಷ್ಟು ನಕ್ಕರು.

ನಗು ನಿಂತ ಮೇಲೆ ನಯನಳ ಕಣ್ಣು ಅತ್ತೆಯ ಬಲಗೈಯ ಮೇಲೆ ಬಿತ್ತು. ಅದು ಮಡಿಲಲ್ಲಿ ಅಂಗೈ ಮೇಲಾಗಿ ಮಲಗಿತ್ತು. ಆ ದಿನ ಅದು ಒಂದು ಚೂರನ್ನೂ ಮುಟ್ಟಿರಲಿಲ್ಲ.

ತಹಸೀನಳಿಗೆ ಫೋಟೋ ಹೋಗುತ್ತಲೇ ಇತ್ತು. ಸಂತೆ ವಾರವಾರ ಬೆಳೆಯುತ್ತಿತ್ತು. ಫೋಟೋಗೆ ಸುಳ್ಳು ಹೇಳಲು ಬಾಯಿ ಬೇಕಾಗಿಲ್ಲ ಎಂಬುದು ನಯನಳಿಗೆ ಆಗ ತಿಳಿಯಿತು. "ಸೂಪರ್ ಅಜ್ಜೀ! ಭಾಳ ಚೆನ್ನಾಗಿ ಮಾಡ್ತಿದ್ದೀರಿ," ಎಂದು ತಹಸೀನಳ ದನಿ ಫೋನಿನಲ್ಲಿ ಬರುವುದು. ನಡುವೆ ಅವಳಿಗೂ ಮಂಡ್ಯದ ಕಡೆ ಕೆಲಸ ಹೆಚ್ಚಾಗಿ, ಬರುವುದು ಅಪರೂಪವಾಗಿ, ಮಾರ್ಚಿನಿಂದ ಅದೂ ನಿಂತಿತ್ತು. ಫೋಟೋಗಳನ್ನು ನಂಬಿಕೊಂಡಿದ್ದಳು.

ನಯನಳಿಗೆ ನಿದ್ದೆಗೆ ಅಡ್ಡ ಬರುತ್ತಿದ್ದ ಯೋಚನೆ ಬೇರೆಯೇ ಒಂದಿತ್ತು. "ಬುಡು, ಇತ್ಲಾಗ್ ಕೊಡು" ಎಂಬುದು ಅವಳ ಮಾತಲ್ಲ, ಅತ್ತೆಯ ಮಾತು. ಇಪ್ಪತ್ತಮೂರು ವರ್ಷದ ಹಿಂದೆ ಹೊಸದಾಗಿ ಬಂದಾಗ ಅವಳು ತಿರುವಿದ ಮುದ್ದೆ ಗಂಟಾಗುತ್ತಿತ್ತು. "ಬುಡು, ಇತ್ಲಾಗ್ ಕೊಡು," ಎಂದು ಅತ್ತೆ ಕೋಲು ಕಿತ್ತುಕೊಳ್ಳುತ್ತಿದ್ದಳು. ಗೂಡು ಬಿಡಿಸಲು ಕೂತರೆ ಅದೇ ಮಾತು, ಅದೇ ಕೈ. ಬೈಗುಳವೇನೂ ಇರಲಿಲ್ಲ, ನಿಧಾನ ಕಂಡರೆ ಆ ಕೈಗೆ ಆಗುತ್ತಿರಲಿಲ್ಲ, ಅಷ್ಟೆ. ಆದರೂ ಎಷ್ಟೋ ವರ್ಷ ನಯನ ಈ ಮನೆಯಲ್ಲಿ ಯಾವ ಕೆಲಸವನ್ನೂ ತುದಿಮುಟ್ಟ ಮಾಡಿ ಮುಗಿಸಿದವಳಲ್ಲ. ಹಾಗಾದರೆ ಈಗ ತಾನು ಮಾಡುತ್ತಿರುವುದು ಏನು? ಹಳೆಯದರ ಸೇಡೇ? ಅಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಬರೀ ಆಸೆ, ಅಷ್ಟೆ. ಸೇಡಾಗಿದ್ದರೆ ಒಂದು ದಿನ ತಣಿಯುತ್ತಿತ್ತು. ಈ ಆಸೆ ತಣಿಯುವ ಜಾತಿಯದಲ್ಲ.

ಒಂದು ಸೋಮವಾರ ಗಟ್ಟಿ ಮನಸ್ಸು ಮಾಡಿದಳು. ಮೊರವನ್ನು ಅತ್ತೆಯ ಮುಂದಿಟ್ಟು, ತನ್ನ ಎರಡು ಕೈಯನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂತಳು.

"ಇದೇನೇ, ಕೈ ಮ್ಯಾಲೆ ಕೂತ್ಕಂಡಿದ್ದೀಯ? ಮೊಟ್ಟೆಗೆ ಕಾವು ಕೊಡ್ತಿದ್ದೀಯಾ?" ಎಂದಳು ಚಿಕ್ಕಬೋರಮ್ಮ.

"ಇವತ್ತು ನೀವೇ ಇಕ್ಕಿ ಅತ್ತೆ. ಎಲ್ಲಾ ನೀವೇ."

ಮುದುಕಿ ಮೂರು ಚೂರು ಇಟ್ಟಳು. ಮುಕ್ಕಾಲು ಗಂಟೆ ಹಿಡಿಯಿತು. ನಾಲ್ಕನೆಯದನ್ನು ಹಿಡಿದು, ಎರಡು ಸಲ ಕೆಳಗೆ ಹಾಕಿ, ಸೊಸೆಯ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಚೂರನ್ನು ಎಡಗೈಯಲ್ಲಿ ಎತ್ತಿ ಸೊಸೆಯ ಮುಂದೆ ಚಾಚಿದಳು.

"ತಕ್ಕೊ. ನಂಗ್ ಬೇಜಾರಾಯ್ತು. ನೀನೇ ಇಕ್ಕು, ನಾ ನೋಡ್ತೀನಿ."

ನಯನ ಬೇಡವೆನ್ನಬೇಕಾಗಿತ್ತು. ತೊಡೆಯ ಕೆಳಗಿನಿಂದ ಕೈ ಬಂದದ್ದು ಅವಳಿಗೇ ಗೊತ್ತಾಗಲಿಲ್ಲ.

ಏಪ್ರಿಲ್ ಕೊನೆಯ ಶುಕ್ರವಾರ ಸಂತೆ ಮುಗಿಯಿತು. ಕೊನೆಗೆ ಉಳಿದದ್ದು ಏಣಿಯ ಕೆಳಗಿನ ಜಾಗ. ಓರೆಯಾದ ಬಕೇಟಿನ ಕೆಳಗೆ ನಿಂತಿದ್ದವನು ಊರಿನ ದೊಡ್ಡ ಮನುಷ್ಯನೊಬ್ಬ. ಹೊಸ ಟೋಪಿ ಹಾಕಿಕೊಂಡು, ಎದೆ ಉಬ್ಬಿಸಿ, ಏನೂ ತಿಳಿಯದೆ ನಿಂತಿದ್ದ. ಕೊನೆಯ ಚೂರು ಟಕ್ ಎಂದಾಗ ನಯನ ಅಂಗೈಯಿಂದ ಇಡೀ ಚಿತ್ರವನ್ನು ಸವರಿದಳು. ಸಾವಿರ ಚೂರು ಕೂಡಿ ಒಂದೇ ಹಾಳೆಯಾಗಿತ್ತು. ಬೆರಳಿಗೆ ಮಾತ್ರ ಸಣ್ಣ ಗೀರುಗಳು ತಿಳಿಯುತ್ತಿದ್ದವು. ತುದಿಮುಟ್ಟ ಮುಗಿಸಿದ ಕೆಲಸ. ಕಣ್ಣಲ್ಲಿ ನೀರು ಬಂತು.

"ಮುಗೀತಾ?" ಎಂದು ಹಿಂದಿನಿಂದ ಅತ್ತೆ ಕೇಳಿದಳು. ಆ ದನಿಯಲ್ಲಿದ್ದ ಸಂತೋಷವನ್ನು ಕೇಳಿ ನಯನಳಿಗೆ ತಿರುಗಿ ನೋಡಲು ಆಗಲಿಲ್ಲ. ಆ ಮಧ್ಯಾಹ್ನವೂ ಅವಳೇ ಅತ್ತೆಗೆ ತುತ್ತು ಇಟ್ಟಿದ್ದಳು. ಬೀಗರೂಟಕ್ಕೆ ಇನ್ನು ತಿಂಗಳ ಮೇಲೆ ಮೂರು ದಿನ.

ಸಂಜೆ ಚಲುವರಾಜು ನೋಡಿ ಕುಣಿದಾಡಿಬಿಟ್ಟ. "ಅವ್ವಾ! ಏನವ್ವಾ ಇದು! ಈ ಕೈಲಾ? ಇದ್ನ ಪ್ಲೈವುಡ್‌ಗೆ ಅಂಟಿಸಿ ಫ್ರೇಮ್ ಹಾಕಿಸ್ತೀನಿ ಕಣವ್ವ. ನಡುಮನೇಲಿ ನೇತಾಕ್ತೀನಿ. ಬೀಗ್ರು ಬಂದಾಗ ನೋಡ್ಲಿ, ಲಕ್ವ ಹೊಡ್ದೋಳು ಜೋಡಿಸಿದ್ದು ಅಂತ!"

ಚಿಕ್ಕಬೋರಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮರುದಿನವೇ ಅವನು ಮದ್ದೂರಿನಿಂದ ಪ್ಲೈವುಡ್ಡೂ ಫೆವಿಕಾಲ್ ಡಬ್ಬಿಯೂ ತಂದು, ಬಿಡುವಾದಾಗ ಅಂಟಿಸೋಣವೆಂದು ಹುಳುಮನೆಯ ಮೂಲೆಗಿಟ್ಟ.

ಅದಾಗಿ ನಾಲ್ಕನೆಯ ದಿನ ತಹಸೀನ್ ಬಂದಳು. ಕೈಯಲ್ಲಿ ಮಿಠಾಯಿಯ ಪೊಟ್ಟಣ. ನಡುಮನೆಯಲ್ಲಿ ಅಜ್ಜಿಯ ಎದುರು ಕೂತು, ಚೀಲದಿಂದ ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ತೆಗೆದಳು.

"ಸಾವಿರ ಚೂರು ಜೋಡಿಸಿದವರಿಗೆ ಇದೇನ್ ಮಹಾ. ಎರಡು ಬೆರಳಲ್ಲಿ ಒತ್ತಿ ನೋಡೋಣ."

ಚಿಕ್ಕಬೋರಮ್ಮನ ಹೆಬ್ಬೆರಳು ಕ್ಲಿಪ್ಪಿನ ಮೇಲೆ ಬಂದು ಕೂತಿತು. ಒತ್ತಲಿಲ್ಲ. ತಹಸೀನ್ ಇನ್ನೊಂದು, ಅದಕ್ಕಿಂತ ಸಡಿಲವಾದ ಕ್ಲಿಪ್ಪು ತೆಗೆದಳು. ಅದೂ ಆಗಲಿಲ್ಲ. ನೆಲದ ಮೇಲೆ ಒಂದು ಹುಣಸೆಬೀಜ ಇಟ್ಟಳು. ಬೆರಳು ಅದನ್ನು ಅತ್ತಿಂದಿತ್ತ ತಳ್ಳಿತು, ಎತ್ತಲಿಲ್ಲ. ಹುಡುಗಿಯ ಮುಖ ನಿಧಾನವಾಗಿ ಬಾಡಿತು.

"ಚಲುವರಾಜಣ್ಣ," ಎಂದಳು. "ಇಷ್ಟು ಕೆಲಸ ಮಾಡಿದ ಮೇಲೂ ಬೆರಳು ಫೆಬ್ರವರಿಯಲ್ಲಿದ್ದ ಹಾಗೇ ಇದೆ ಅಂದ್ರೆ, ಒಳಗೆ ಬೇರೆ ಏನೋ ಇರಬೇಕು. ನಂಗೆ ಭಯ ಆಗ್ತಿದೆ. ಮೈಸೂರಿಗೆ ಕರ್ಕೊಂಡು ಹೋಗಿ ತಲೆ ಸ್ಕ್ಯಾನ್ ಇನ್ನೊಂದ್ಸಲ ಮಾಡಿಸಿಬಿಡಿ. ತಡ ಮಾಡ್ಬೇಡಿ."

ಚಲುವರಾಜು ಕಾರಿಗೆ ಫೋನು ಮಾಡಲು ಎದ್ದೇಬಿಟ್ಟ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ನಯನ ಒಂದು ಹೆಜ್ಜೆ ಮುಂದಿಟ್ಟಳು. ಈಗ ಹೇಳಬೇಕು, ಈಗ, ಎಂದುಕೊಳ್ಳುವಷ್ಟರಲ್ಲಿ ಚಿಕ್ಕಬೋರಮ್ಮ ಬಾಯಿ ತೆರೆದಳು.

"ಏಯ್ ಚಲ್ವ, ಕೂತ್ಕೊಳ್ಳಾ. ತಲೆಗೆ ಯಾವ ಮಿಷಿನ್ನೂ ಬ್ಯಾಡ. ಒಳ್ಗೂ ಇಲ್ಲ ಒರ್ಗೂ ಇಲ್ಲ. ನಾನು ಎಡಗೈಲಿ ಜೋಡಿಸ್ದೆ ಕಣಮ್ಮ ತಾಸೀನಮ್ಮ."

"ಏನಂದ್ರಿ?"

"ಎಡಗೈಲಿ. ಬಲಗೈಗೆ ಸೋಮಾರಿತನ. ಯಾರ್ ಅಷ್ಟೊತ್ತು ಒದ್ದಾಡ್ತಾರೆ ಅಂತ ಕಳ್ಳಾಟ ಆಡ್ದೆ."

ತಹಸೀನ್ ಕೈಯಲ್ಲಿದ್ದ ಕ್ಲಿಪ್ಪನ್ನು ಚೀಲಕ್ಕೆ ಹಾಕಿದಳು. ಅವಳಿಗೆ ಸಿಟ್ಟು ಬರುವುದನ್ನು ಆ ಮನೆಯವರು ಕಂಡಿರಲಿಲ್ಲ. "ಅಜ್ಜೀ, ಮೂರು ತಿಂಗಳು ನಂಗೆ ಮೋಸ ಮಾಡಿದ್ರಾ? ನಾನು ಆ ಫೋಟೋ ಎಲ್ಲಾ ಬೇರೆ ಪೇಷೆಂಟ್‌ಗಳಿಗೆ ತೋರಿಸ್ತಿದ್ದೆ. ನೋಡಿ, ಈ ಅಜ್ಜಿ ಹೆಂಗೆ ಮಾಡ್ತಾರೆ ಅಂತ."

"ಅಲ್ಲ ಕಣವ್ವ, ಕಳ್ಳಾಟ ಆಡಾಕೆ ನೀನೇನ್ ಮಗೀನಾ?" ಚಲುವರಾಜುವಿನ ದನಿ ಏರಿತು. "ಬೀಗ್ರೂಟ ಬೀಗ್ರೂಟ ಅಂತ ಬಾಯ್ ಬಡ್ಕೊಂಡೋಳು ನೀನೇ. ನಿನ್ ಕೈ ನೀನೇ ಕಳ್ಕೊಂಡ್ಯಲ್ಲ!"

ಚಿಕ್ಕಬೋರಮ್ಮ ತಲೆ ತಗ್ಗಿಸಿ ಬೈಸಿಕೊಂಡಳು. ಯಾರ ಮುಂದೆಯೂ ತಗ್ಗದಿದ್ದ ತಲೆ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು, ತಪ್ಪು ಮಾಡಿದ ಮಗುವನ್ನು ಹೊಡೆಯಲು ಬಂದವರಿಂದ ಮರೆಮಾಡುವ ಹಾಗೆ.

"ಅತ್ತೆ ಅಲ್ಲ," ಎಂದಳು ನಯನ.

ಮೂವರೂ ತಿರುಗಿದರು.

"ಅತ್ತೆ ಅಲ್ಲ ಕಣಮ್ಮ ತಾಸೀನಮ್ಮ. ನಾನು. ಎಲ್ಲಾನೂ ನಾನೇ ಇಕ್ಕಿದ್ದು. ಅವ್ರ ಕೈಲಿರೋದ್ನ ಕಿತ್ತುಕೊಂಡು ಇಕ್ಕಿದ್ದು. ಫೋಟೋನೂ ನಾನೇ ಕಳ್ಸಿದ್ದು."

ಚಲುವರಾಜು ಹೆಂಡತಿಯನ್ನು ಗುರುತು ಸಿಗದವಳನ್ನು ನೋಡುವಂತೆ ನೋಡಿದ. "ಯಾಕೆ?" ಎಂದು ತಹಸೀನ್ ಕೇಳಿದಳು. ಅಷ್ಟೇ ಕೇಳಿದಳು.

ಉತ್ತರ ಕೊಟ್ಟವಳು ಚಿಕ್ಕಬೋರಮ್ಮ. "ಅವ್ಳು ಕಿತ್ಕೊಂಡಿಲ್ಲ. ನಾನೇ ಬುಟ್ಟೆ. ಆ ಚೂರು ಟಕ್ ಅಂದಾಗ ಅವ್ಳ ಮೊಕ ನೀನ್ ನೋಡ್ಬೇಕಾಗಿತ್ತು ಕಣಮ್ಮ. ಈ ಮನೆಗ್ ಬಂದು ಇಪ್ಪತ್ಮೂರು ವರ್ಸ ಆಯ್ತು, ಅಂಗೆ ನಕ್ಕಿದ್ ನಾ ಕಂಡಿರ್ನಿಲ್ಲ. ನನ್ ಕೈ ಏನು, ಎಪ್ಪತ್ತೆರಡ್ ವರ್ಸ ಉಂಡದೆ..."

ಬೈದಿದ್ದರೆ ನಯನ ನಿಂತು ಕೇಳುತ್ತಿದ್ದಳು. ಇದನ್ನು ಕೇಳಿಸಿಕೊಂಡು ನಿಲ್ಲಲು ಆಗಲಿಲ್ಲ. ಗೋಡೆಯ ಮೊಳೆಯಲ್ಲಿ ಮೊರ ನೇತಾಡುತ್ತಿತ್ತು. ಅದನ್ನು ತೆಗೆದುಕೊಂಡಳು.

"ನಯನಕ್ಕ, ಕೂತ್ಕೊಳ್ಳಿ," ಎನ್ನುತ್ತಿದ್ದಳು ತಹಸೀನ್. ಅವಳ ದನಿಯಲ್ಲಿ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. "ಬೀಗರೂಟದೊಳಗೆ ಆಗುತ್ತೆ ಅಂತ ನಾನು ಮಾತು ಕೊಡಲ್ಲ. ಆದ್ರೆ ಇನ್ನೂ ಸ್ವಲ್ಪ ದಿನ ಇದೆ. ಇವತ್ತಿಂದಲೇ, ಅಜ್ಜಿ ಕೈಯಲ್ಲೇ, ನೀವು ಮುಟ್ಟದೆ..."

ನಯನ ಹೊಸಿಲು ದಾಟಿದ್ದಳು.

"ಏಯ್ ನಯ್ನ! ಎಲ್ಲಿಗೆ? ಆ ಸಂತೇನ ಕೆಡುವ್ಬ್ಯಾಡ ಕಣೆ!" ಚಿಕ್ಕಬೋರಮ್ಮ ಕೂಗಿದಳು. "ಏಟು ಚೆಂದಾಗದೆ, ನಾ ಇನ್ನೂ ಕಣ್ತುಂಬ ನೋಡಿಲ್ಲ! ಚಲ್ವ, ಇಡ್ಕೊಳ್ಳಾ ಅವ್ಳನ್ನ!"

ಅಂಗಳದ ಬಿಸಿಲಲ್ಲಿ ಮೊರವನ್ನು ಎದೆಗವಚಿಕೊಂಡು, ಹಿಂದಿರುಗಿ ನೋಡದೆ, ನಯನ ಹುಳುಮನೆಯ ಕಡೆಗೆ ನಡೆದಳು.